ಬಿಗಿಯಾಗಿ ಹೊಲಿಯದ ಪುಸ್ತಕ

ಶಿವಾಜಿನಗರದ ಆ ಬೈಂಡರ್‌ಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಲಸೂರಿನ ನಮ್ಮ ಲೈಬ್ರರಿಯ ಹರಿದ ಪುಸ್ತಕಗಳೆಲ್ಲ ಅವರ ಕೈಗೇ ಹೋಗುತ್ತಿದ್ದವು. ಯಾವ ಪುಸ್ತಕ ಕೊಟ್ಟರೂ ಮೊದಲು ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ, "ಬೆನ್ನು ನೋಡಿದ್ರೆ ಗೊತ್ತಾಗುತ್ತೆ ಸಾರ್, ಓದಿದಾರೋ ಸುಮ್ನೆ ಇಟ್ಕೊಂಡಿದಾರೋ" ಎನ್ನುತ್ತಿದ್ದರು. ನನ್ನ ಸ್ವಂತ ಪುಸ್ತಕಗಳ ಬೆನ್ನು ನೋಡಿ ನಕ್ಕಿದ್ದೂ ಉಂಟು.

ನಮ್ಮ ಪ್ರೀತಿಯ ಕಾದಂಬರಿಕಾರರು ತೀರಿಕೊಂಡಾಗ, ಓದುಗರೆಲ್ಲ ಸೇರಿ ಅವರ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ ಹೂವಿಡುವುದೆಂದು ತೀರ್ಮಾನಿಸಿದೆವು. ಅವುಗಳಲ್ಲೊಂದು ತೀರಾ ಜೀರ್ಣವಾಗಿತ್ತು. ಬೈಂಡರ್ ಬಳಿ ಒಯ್ದೆ. ಅವರ ಅಂಗೈಯಲ್ಲಿಟ್ಟ ಕೂಡಲೇ ಅದು ನಡುವೆ ತೆರೆದುಕೊಂಡಿತು.

"ಎಷ್ಟು ಸಲ ಹೊಲಿದ್ರೂ ಇಲ್ಲೇ ಬಾಯಿ ಬಿಡುತ್ತೆ. ಏನಿದೆ ಸಾರ್ ಇಲ್ಲಿ? ಸ್ವಲ್ಪ ಓದಿ."

ಓದಿದೆ. ಮಗುವನ್ನು ಮಣ್ಣು ಮಾಡಿ ಬಂದ ತಂದೆ, ಮರುದಿನ ಬೆಳಿಗ್ಗೆ ಮರೆತು ಎಂದಿನಷ್ಟೇ ಹಾಲು ಹಾಕಿಸಿಕೊಂಡು, ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತುಬಿಡುವ ಪುಟ ಅದು.

ಅವರು ದಾರ ಪೋಣಿಸುವುದನ್ನು ನಿಲ್ಲಿಸಿದರು. "ನಾನೂ ತಂದಿದ್ದೆ ಸಾರ್, ಎರಡು ಪ್ಯಾಕೆಟ್" ಎಂದರು. ಅವರಿಗೊಂದು ಮಗುವಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಹೊಸ ರಟ್ಟು ಹಾಕಿದರು. ಹೊಲಿಗೆಯನ್ನು ಮಾತ್ರ ಬಿಗಿ ಮಾಡಲಿಲ್ಲ.

"ಅದು ತೆರೀಲಿ ಬಿಡಿ."

ಶ್ರದ್ಧಾಂಜಲಿಯ ದಿನ ಆ ಪುಸ್ತಕ ಮೇಜಿನ ಮೇಲೆ ಅದೇ ಪುಟಕ್ಕೆ ತೆರೆದುಕೊಂಡು ಮಲಗಿತ್ತು. ಹೂವಿಟ್ಟು ಹೋದ ಓದುಗರಲ್ಲಿ ಒಬ್ಬರೂ ಅದನ್ನು ಮುಚ್ಚಲಿಲ್ಲ.