ಅಕ್ಕನ ಊರಿನಲ್ಲಿ ಹೋಟೆಲ್ ಹುಡುಕಿದ್ದು

ಬದನೆಕಾಯಿ ಕೊಳ್ಳುವಾಗಲೂ ಒಂದೊಂದನ್ನೇ ತಿರುವಿ ನೋಡುವ ಮನುಷ್ಯ ನಾನು. ಯಲಬುರ್ಗಾ ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅಂಥವನು ಹೈದರಾಬಾದಿನಲ್ಲಿ ಒಂದು ಒಳ್ಳೆಯ ಹೋಟೆಲ್ ಆರಿಸಬೇಕೆಂದರೆ ಸುಮ್ಮನೆ ಆಗುತ್ತದೆಯೇ? ಕಳೆದ ದಸರಾ ರಜೆಗೆ ಹೆಂಡತಿ, ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುವುದೆಂದು ಗೊತ್ತಾದ ಮೇಲೆ, ಕಚೇರಿಯ ಊಟದ ಬಿಡುವೆಲ್ಲ ಮೊಬೈಲಿನಲ್ಲೇ ಕಳೆಯಿತು. ಫೋಟೋ ನಂಬಬಾರದು. ಅಲ್ಲಿ ಇಳಿದುಹೋದವರಲ್ಲಿ ಹೊಗಳಿದವರನ್ನು ಬಿಟ್ಟು ಬೈದವರು ಬರೆದದ್ದನ್ನು ಮೊದಲು ಓದಬೇಕು. ಬಚ್ಚಲಿನ ಚಿತ್ರ ಹಾಕದ ಹೋಟೆಲನ್ನು ಕಣ್ಣೆತ್ತಿಯೂ ನೋಡಬಾರದು. ಹೀಗೆ ನನ್ನದೇ ಕಾಯಿದೆ ಮಾಡಿಕೊಂಡಿದ್ದೆ.

"ನನ್ನ ನೋಡಾಕ ಬಂದಾಗೂ ಇಷ್ಟು ವಿಚಾರಣೆ ಮಾಡಿದ್ದಿಲ್ರಿ ನೀವು," ಎಂದು ಹೆಂಡತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಕ್ಕಾರಿಗೆ ಏನಂತ ಹೇಳ್ತೀರಿ?" ಎಂದಳು.

ನನ್ನ ಅಕ್ಕ ಇರುವುದು ಅದೇ ಹೈದರಾಬಾದಿನಲ್ಲಿ. ಭಾವ ಅಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಾರೆ. ಊರ ಅಂಚಿನಲ್ಲಿ ಒಂದೇ ಕೋಣೆಯ ಮನೆ. ಬಚ್ಚಲು ಮೂರು ಮನೆಗೆ ಒಂದು. ನಮ್ಮ ಕಡೆ ನೆಂಟರಿರುವ ಊರಿಗೆ ಹೋಗಿ ಲಾಡ್ಜಿನಲ್ಲಿ ಇಳಿಯುವುದೆಂದರೆ ಅವರ ಮುಖಕ್ಕೆ ಹೊಡೆದಂತೆ. ಅದರಲ್ಲೂ ಅಪ್ಪ ಅವ್ವ ಹೋದ ಮೇಲೆ ಅಕ್ಕನಿಗೆ ತವರು ಅಂತ ಉಳಿದವನು ನಾನೊಬ್ಬನೇ. ಇದೆಲ್ಲ ಗೊತ್ತಿದ್ದೂ, ಅವಳಿಗೆ ಯಾಕೆ ತೊಂದರೆ ಎಂದುಕೊಂಡೆ. ಸುಳ್ಳು. ಆ ಬಚ್ಚಲಿನ ಮುಂದೆ ಸರದಿ ಕಾಯುವುದು ನನಗೇ ಬೇಡವಾಗಿತ್ತು. ಬರುತ್ತೇವೆ ಎಂದಷ್ಟೇ ಫೋನಿನಲ್ಲಿ ಹೇಳಿದೆ. ಎಲ್ಲಿ ಇಳಿಯುತ್ತೇವೆ ಎಂದು ಹೇಳಲಿಲ್ಲ.

ಕೊಪ್ಪಳದಿಂದ ಬಸ್ಸು ಹತ್ತಿ ಹೋಗಿ ಇಳಿದೆವು. ರೂಮು ನಿಜಕ್ಕೂ ಚೆನ್ನಾಗಿತ್ತು. ನಲ್ಲಿ ತಿರುವಿದ ಕೂಡಲೇ ಬಿಸಿನೀರು ಬಂದಾಗ ಮಗಳು ಕುಣಿದಳು. ಅಲ್ಲಿಂದ ಅಕ್ಕನಿಗೆ ಫೋನು ಮಾಡಿ ವಿಷಯ ಹೇಳಿದೆ. "ಎಲ್ಲೈತಿ ಹೇಳು, ನಾನ ಬರ್ತೀನಿ," ಎಂದಳು.

ಬಸ್ಸು ಬದಲಿಸುತ್ತ, ಕೇಳಿಕೊಳ್ಳುತ್ತ, ಮಧ್ಯಾಹ್ನದ ಹೊತ್ತಿಗೆ ಬಂದಳು. ಕೈಯಲ್ಲಿ ರೊಟ್ಟಿಯ ಬುತ್ತಿ. ಮಂಚದ ತುದಿಯಲ್ಲಿ ಕುಳಿತು ಪರದೆ, ಗೋಡೆ, ದೀಪ ಎಲ್ಲ ನೋಡಿ, "ಭಾಳ ಛಲೋ ಐತಿ," ಎಂದಳು. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು.

ಅವಳು ಹೊರಟು ನಿಂತಾಗ ಹೆಂಡತಿ ನನ್ನ ಮುಖ ನೋಡಿದಳು. ಬಂದ ಮುತ್ತೈದೆಯನ್ನು, ಅದೂ ಮನೆಮಗಳನ್ನು, ಸೆರಗಿನಲ್ಲಿ ಉಡಿ ತುಂಬದೆ ಕಳಿಸುವವರಲ್ಲ ನಾವು. ಇಲ್ಲಿ ನೋಡಿದರೆ ಒಂದು ಹಿಡಿ ಅಕ್ಕಿ ಇಲ್ಲ, ಕೊಬ್ಬರಿ ಇಲ್ಲ, ಕುಬಸಕ್ಕೆ ಖಣದ ಬಟ್ಟೆ ಇಲ್ಲ. ಬೈದವರು ಬರೆದದ್ದನ್ನೆಲ್ಲ ಓದಿದ್ದೆ; ಇದನ್ನು ಯಾರೂ ಬರೆದಿರಲಿಲ್ಲ. ಹೆಂಡತಿ ತನ್ನ ಪರ್ಸಿನಲ್ಲಿದ್ದ ಕುಂಕುಮವನ್ನಷ್ಟೇ ಹಚ್ಚಿ, "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ," ಎಂದಳು. ಅಕ್ಕ ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಅವಳತ್ತ ನೋಡಲಾಗಲಿಲ್ಲ.

ಲಿಫ್ಟಿನ ಬಳಿ ನನ್ನೊಬ್ಬನನ್ನೇ ನಿಲ್ಲಿಸಿ ಮೆಲ್ಲಗೆ ಕೇಳಿದಳು: "ತಮ್ಮಾ, ನಾಳಿ ಊಟಕ್ಕರ ಬರ್ತೀರಿಲ್ಲೋ? ಬರುವಾಗ ಬ್ಯಾಗ್ ಹಿಡ್ಕೊಂಡು ಬರ್ರಿ. ನಮ್ಮ ಓಣ್ಯಾಗ ಕುಷ್ಟಗಿ, ಗಂಗಾವತಿ ಕಡೆ ಮಂದಿ ಭಾಳ ಅದಾರ. ತವರಮನಿಯವ್ರು ಇರಾಕ ಬರಾಕತ್ತಾರ ಅಂತ ಎಲ್ಲಾರಿಗೂ ಹೇಳೀನಿ. ಲಾಡ್ಜಿನ್ಯಾಗ ಇಳದಾರ ಅಂತ ಹೆಂಗ ಹೇಳ್ಲಿ?"

ಹೂಂ ಎಂದೆ. ಆಗಲೇ ರೂಮು ಬಿಟ್ಟು ಅವಳ ಜೊತೆ ಹೋಗಬಹುದಿತ್ತು. ಹೋಗಲಿಲ್ಲ.

ಮರುದಿನ ಬಟ್ಟೆಬರೆಯನ್ನೆಲ್ಲ ರೂಮಿನ ಕಪಾಟಿನಲ್ಲೇ ಬಿಟ್ಟು, ಖಾಲಿ ಬ್ಯಾಗ್ ಹಿಡಿದುಕೊಂಡು ಆಟೋದಲ್ಲಿ ಹೋದೆವು. ಅಕ್ಕ ಓಣಿಯ ಬಾಯಲ್ಲೇ ಕಾಯುತ್ತಿದ್ದಳು. ಬಾಗಿಲು ಬಾಗಿಲಿಗೆ ಹೆಂಗಸರು ನಿಂತಿದ್ದರು. ನಾನು ಬೇಡ ಎನ್ನುವುದರೊಳಗೆ ಅವಳೇ ಬ್ಯಾಗಿಗೆ ಕೈ ಹಾಕಿದಳು. ಎತ್ತಿದ ಕೂಡಲೇ ತಿಳಿದಿರಬೇಕು. ಒಮ್ಮೆ ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಒಂದು ಕಡೆಗೆ ವಾಲಿ, ಭಾರ ಹೊತ್ತವಳ ಹಾಗೆ ಉಸಿರು ಬಿಡುತ್ತ, ಅದನ್ನು ಓಣಿಯ ಉದ್ದಕ್ಕೂ ಒಯ್ದು ಮನೆಯೊಳಗೆ ಇಟ್ಟಳು.