ಹಿತ್ತಿಲ ಬಾಗಿಲಿನ ರಂಗೋಲಿ

ಕುರ್ಚಿ ಜರುಗಿತ್ತು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅದೇ.

ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನ ಯೂನಿವರ್ಸಿಟಿಯಲ್ಲಿ ನಮ್ಮ ಯಜಮಾನರಿಗೆ ಕೆಲಸ ಸಿಕ್ಕಿ, ನಾವು ಮೈಸೂರು ಬಿಟ್ಟು ಬಂದು ಆಗ ಎರಡನೇ ವರ್ಷ. ಊರೊಳಗೆ ಪುಟ್ಟ ಬಾಡಿಗೆ ಮನೆ. ಅದು ಸಾಲದು ಅಂತ, ಅರ್ಧ ಗಂಟೆ ಡ್ರೈವ್ ದೂರದಲ್ಲಿ, ಹಸುಗಳ ಹುಲ್ಲುಗಾವಲಿನ ನಡುವೆ ಇದ್ದ ಒಂದು ಹಳೇ ಮರದ ಮನೆಯನ್ನು ಇವರು ಕೊಂಡೇಬಿಟ್ಟರು. ಸೂರಿನ ತಗಡು ತುಕ್ಕು ಹಿಡಿದಿತ್ತು. ಗೋಡೆಯ ವಾಲ್‌ಪೇಪರ್ ನಾಯಿ ನಾಲಿಗೆಯ ಹಾಗೆ ಜೋತು ಬಿದ್ದಿತ್ತು. ಗಾಳಿಯಂತೂ ದಿನವಿಡೀ ಬೀಸುತ್ತಲೇ ಇರುತ್ತಿತ್ತು.

"ಕ್ಯಾರೆಕ್ಟರ್ ಇರೋ ಮನೆ ಕಣೇ," ಅಂದರು.

"ಮನೆಗೆ ಕ್ಯಾರೆಕ್ಟರ್ ಯಾಕ್ರೀ? ಬಾಗಿಲಿಗೆ ಬೀಗ ಇದ್ದರೆ ಸಾಕು," ಅಂದೆ ನಾನು.

ಬೀಗ ಇತ್ತು, ಇರಲಿಲ್ಲ ಅಂತಲ್ಲ. ಹಿತ್ತಿಲ ಬಾಗಿಲಿನ ಕೀ ಮಾತ್ರ ಅಲ್ಲೇ ಮೆಟ್ಟಿಲ ಪಕ್ಕದಲ್ಲಿ, ಒಂದು ಹಳೇ ರಬ್ಬರ್ ಗಂಬೂಟ್ ಒಳಗೆ ಬಿದ್ದಿರುತ್ತಿತ್ತು. ರಿಪೇರಿಗೆ ಗೊತ್ತುಮಾಡಿದ್ದ ಬಿಲ್ಡರ್ ಮೊದಲ ದಿನವೇ ಅದನ್ನು ತೆಗೆದು ತೋರಿಸಿ, "ಇಲ್ಲೇ ಇರಲಿ, ಈ ರಸ್ತೆಯಲ್ಲಿ ಎಲ್ಲರದೂ ಹೀಗೇ," ಅಂದ. ಎಲ್ಲರದೂ ಹೀಗೇ ಅಂದರೆ ಎಲ್ಲರಿಗೂ ಗೊತ್ತು ಅಂತ ತಾನೇ? ಅನುಮಾನದ ಹುಳು ಆವತ್ತೇ ನನ್ನ ತಲೆ ಹೊಕ್ಕಿತು.

ಆ ಮನೆಯ ಹಣೆಬರಹ ನನ್ನ ಕೈಯಲ್ಲಿತ್ತು. ಮಗಳು ಆಕ್ಲೆಂಡ್‌ನ ಮೌಂಟ್ ಆಲ್ಬರ್ಟ್‌ನಲ್ಲಿದ್ದಳು. ತನ್ನ ಬೀದಿಯಲ್ಲೇ ನಮಗೊಂದು ಪುಟ್ಟ ಯೂನಿಟ್ ಮನೆ ನೋಡಿಟ್ಟು, "ಅಪ್ಪ ರಿಟೈರ್ ಆದ್ಮೇಲೆ ಕಮ್ ಹಿಯರ್, ಹಸು ಮಧ್ಯೆ ಏನ್ಮಾಡ್ತೀರಾ?" ಅನ್ನುತ್ತಿದ್ದಳು. ಇವರು ನನಗೆ ಮಾತು ಕೊಟ್ಟಿದ್ದರು. ಚಳಿಗಾಲ ಮುಗಿಯುವುದರೊಳಗೆ ನಿನ್ನ ಮನಸ್ಸು ಒಪ್ಪಿದರೆ ಇಲ್ಲಿ ಸಂಸಾರ ಹೂಡೋಣ, ಒಪ್ಪದಿದ್ದರೆ ಮಾರಿ ಮಗಳ ಹತ್ತಿರ ಹೋಗೋಣ ಅಂತ. ಬೇಕು ಅಂತ ಬಾಯಿಬಿಟ್ಟು ಕೇಳುವ ಮನುಷ್ಯ ಅವರಲ್ಲ. ಆದರೆ ಶನಿವಾರ ಬೆಳಿಗ್ಗೆ ಆ ಕಡೆ ಕಾರು ತಿರುಗಿಸುವಾಗ ಸಿಳ್ಳೆ ಹಾಕುತ್ತಿದ್ದರು. ಈಗ ನೆನೆದರೆ ಆ ಸಿಳ್ಳೆ ಕೇಳಿದ ಹಾಗೇ ಆಗುತ್ತದೆ. ಸಿಳ್ಳೆ ಹಾಕುವವರು ಹೋಗಿ ಎಷ್ಟೋ ಕಾಲವಾಯಿತು.

ಮೊದಲು ಮುಗಿದದ್ದು ಹಿಂಬದಿಯ ಕೋಣೆ. ಬಾಡಿಗೆ ಮನೆಯಲ್ಲಿ ಜಾಗ ಇಲ್ಲದೆ, ನನ್ನ ರೇಷ್ಮೆ ಸೀರೆಗಳು, ಅಮ್ಮ ಕೊಟ್ಟ ದೀಪದ ಕಂಬ ಎಲ್ಲ ತುಂಬಿದ್ದ ಟ್ರಂಕನ್ನು ತಂದು ಅಲ್ಲಿಟ್ಟೆವು. ಉಳಿದ ಕೋಣೆಗಳಿಗೆ ಹೊಸ ಪ್ಲಾಸ್ಟರ್ ಬಳಿದ ಬಿಲ್ಡರ್, ಇದು ಒಣಗಲಿ ಅಂತ ಹೇಳಿ, ತನ್ನ ಪಿಕಪ್ ಗಾಡಿ ಯೂಟ್‌ನ ಹಿಂದೆ ಏಣಿ, ಹಲಗೆ ಎಲ್ಲ ಹೇರಿಕೊಂಡು ಪೊರಿರುವಾ ಊರಿನ ಕಡೆ ಇನ್ನೊಂದು ಕೆಲಸಕ್ಕೆ ಹೊರಟುಹೋದ.

ಅವನು ಹೋದ ಮೇಲೇ ಕುರ್ಚಿ ಜರುಗಿದ್ದು. ಅಡುಗೆಮನೆಯ ಮೂಲೆಯಲ್ಲಿ ನಾನೇ ಇಟ್ಟಿದ್ದ ಮುರುಕು ಕುರ್ಚಿ, ಆ ಶನಿವಾರ ಹಳೇ ಸೌದೆ ಒಲೆಯ ಮುಂದೆ ಕೂತಿತ್ತು. ಕಬ್ಬಿಣದ ಒಲೆ ಅದು, ಬೀರುವಿನಷ್ಟು ದೊಡ್ಡದು. ಅದರೊಳಗೆ ಹೊಸ ಬೂದಿ. ನಾನು ಭದ್ರವಾಗಿ ಹಾಕಿದ್ದ ಕಿಟಕಿ ಒಂದು ಗೇಣು ತೆರೆದಿತ್ತು.

"ಗಾಳಿ ಕಣೇ," ಅಂದರು ಇವರು.

"ಗಾಳಿ ಒಲೆ ಹಚ್ಚುತ್ತದೇನ್ರೀ?"

ಟ್ರಂಕಿಗೆ ಓಡಿದೆ. ಬೀಗ ಸರಿಯಾಗಿತ್ತು. ತೆಗೆದು ಸೀರೆ ಎಣಿಸಿದೆ, ದೀಪದ ಕಂಬ ಮುಟ್ಟಿ ನೋಡಿದೆ. ಎಲ್ಲ ಇತ್ತು. ಏನೂ ಹೋಗಿಲ್ಲ ಅನ್ನುವುದೇ ನನಗೆ ಇನ್ನಷ್ಟು ಭಯ ಹುಟ್ಟಿಸಿತು. ಕದಿಯದೆ ಬಂದು ಕೂತು ಹೋಗುವವರು ಏನು ಲೆಕ್ಕ ಹಾಕುತ್ತಿದ್ದಾರೋ!

ಯಾರು ಅನ್ನುವುದರಲ್ಲಿ ನನಗೆ ಸಂಶಯ ಇರಲಿಲ್ಲ. ಪಕ್ಕದ ಫಾರ್ಮಿನಲ್ಲಿ ಒಬ್ಬಳು ವಿಧವೆ ಇದ್ದಳು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ನಾವು ಹೋದಾಗಲೆಲ್ಲ ಉದ್ದನೆಯ ರೇನ್‌ಕೋಟ್ ತೊಟ್ಟು, ನಾಯಿಯ ಜೊತೆ ಬೇಲಿಯ ಆಚೆ ನಿಂತಿರುತ್ತಿದ್ದಳು. ಕೈ ಬೀಸುತ್ತಿದ್ದಳು, ಆದರೆ ಕಣ್ಣು ನಮ್ಮ ಮನೆಯ ಮೇಲೆ. ಒಂದು ಸಲ ಬೇಲಿಯ ಹತ್ತಿರ ಸಿಕ್ಕಾಗ ಹವಾಮಾನದ ಮಾತು ಮುಗಿಯುತ್ತಿದ್ದ ಹಾಗೇ, "ಆ ಒಲೆ ಕಿತ್ತುಹಾಕುತ್ತೀರಾ?" ಅಂತ ಕೇಳಿದ್ದಳು. ಓಹೋ, ಒಲೆಯ ಮೇಲೆ ಕಣ್ಣು ಅಂದುಕೊಂಡೆ.

ಮಗಳಿಗೆ ಫೋನ್ ಮಾಡಿದೆ. "ಅಮ್ಮಾ, ಡೋಂಟ್ ಬಿ ಪ್ಯಾರನಾಯ್ಡ್. ಜಸ್ಟ್ ಟೇಕ್ ದ ಕೀ!" ಅಂದಳು. ಕೀ ತೆಗೆದುಕೊಂಡು ಬಂದರೆ ಬರುವವರು ನಿಲ್ಲುತ್ತಾರೆ, ನಿಜ. ಆದರೆ ಯಾರು ಅಂತ ಖಾತ್ರಿಯಾಗುವುದು ಹೇಗೆ?

ನಮ್ಮ ಕಾನ್ವೆಂಟ್ ಹಾಸ್ಟೆಲಿನಲ್ಲಿ ಒಬ್ಬರು ಸಿಸ್ಟರ್ ಇದ್ದರು. ಮಾವಿನ ಕಾಲದಲ್ಲಿ ಡಾರ್ಮಿಟರಿಯ ಬಾಗಿಲಿಗೆ ಟಾಲ್ಕಂ ಪೌಡರ್ ಉದುರಿಸಿ ಮಲಗುತ್ತಿದ್ದರು. ಬೆಳಿಗ್ಗೆ ಹೆಜ್ಜೆ ಗುರುತು ನೋಡಿ, ರಾತ್ರಿ ಮಾವು ಕದಿಯಲು ಹೋದ ಹುಡುಗಿಯರ ಕಿವಿ ಹಿಂಡುತ್ತಿದ್ದರು. ಪೌಡರ್ ಉದುರಿಸಿದರೆ ಈ ಮುದುಕಿಗೆ ಗೊತ್ತಾಗಿಬಿಡುತ್ತದೆ. ಆದರೆ ರಂಗೋಲಿ? ಅದು ನಮ್ಮ ಪದ್ಧತಿ, ಯಾರೂ ಏನೂ ಅನ್ನುವ ಹಾಗಿಲ್ಲ. ಭಾನುವಾರ ಹೊರಡುವ ಮುಂಚೆ ಹಿತ್ತಿಲ ಬಾಗಿಲಿನ ಒಳಗಡೆ, ಗಾಳಿ ತಾಗದ ಜಾಗದಲ್ಲಿ, ಕಪ್ಪು ಮರದ ನೆಲದ ಮೇಲೆ ಗೋಡೆಯಿಂದ ಗೋಡೆಯ ತನಕ ಅಕ್ಕಿ ಹಿಟ್ಟಿನಲ್ಲಿ ರಂಗೋಲಿ ಎಳೆದೆ. ತುಳಿಯದೆ ಒಳಗೆ ಕಾಲಿಡುವ ಹಾಗೇ ಇರಲಿಲ್ಲ. ನಾನೇ ಮುಂಬಾಗಿಲಿನಿಂದ ಆಚೆ ಬಂದೆ.

"ಕಳ್ಳನಿಗೆ ರಂಗೋಲಿ ಹಾಕಿ ಬರಮಾಡಿಕೊಳ್ಳೋಳು ಪ್ರಪಂಚದಲ್ಲಿ ನೀನೊಬ್ಬಳೇ. ಆರತಿ ತಟ್ಟೇನೂ ಇಟ್ಟು ಬಾ," ಅಂದರು ಇವರು.

ಮುಂದಿನ ಶನಿವಾರ ರಂಗೋಲಿ ಒಂದು ಎಳೆಯೂ ಕೆಡದೆ ಹಾಗೇ ಇತ್ತು. ಒಲೆಯಲ್ಲಿ ಬೂದಿ ಇಲ್ಲ, ಕಿಟಕಿ ಹಾಕಿದ ಹಾಗೇ ಇದೆ. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಇವರಿಗೆ ಕೆಮ್ಮು ಜ್ವರ ಬಂದು ಕೆಲವು ವಾರ ಆ ಕಡೆ ಹೋಗಲಾಗಲಿಲ್ಲ. ಮಳೆ ಮಾತ್ರ ಬಿಡದೆ ಹೊಯ್ಯಿತು.

ಮತ್ತೆ ಹೋಗಿ ಬಾಗಿಲು ತೆಗೆದಾಗ ಒದ್ದೆ ಗೋಣಿಚೀಲದ ವಾಸನೆ ಮುಖಕ್ಕೆ ಹೊಡೆಯಿತು. ಹೊಸ ಪ್ಲಾಸ್ಟರ್ ಮೇಲೆಲ್ಲ ಕಪ್ಪು ಚುಕ್ಕೆ. ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು. ಟ್ರಂಕ್ ತೆಗೆದರೆ ನನ್ನ ಧಾರೆ ಸೀರೆಯ ಮಡಿಕೆಗೆ, ಅಕ್ಕಿ ಹಿಟ್ಟು ಉದುರಿಸಿದ ಹಾಗೆ, ಬೂಷ್ಟು ಹಿಡಿದಿತ್ತು. ಬಾಗಿಲ ಬಳಿ ರಂಗೋಲಿ ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು.

"ಮಾರಿಬಿಡಿ," ಅಂದೆ. "ಮನುಷ್ಯರಿರೋ ಮನೆ ಅಲ್ಲ ಇದು."

ಇವರು ಆ ಒದ್ದೆ ಗೋಡೆಗೆ ಒಮ್ಮೆ ಅಂಗೈ ಒತ್ತಿ ನಿಂತರು. "ಆಯ್ತು. ನಾಳೆ ಮಗಳಿಗೆ ಹೇಳೋಣ," ಅಂದರು. ಅಷ್ಟೇ. ವಾದ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಬೇಲಿಯ ಕಡೆ ನಡೆದೆ. ಮುದುಕಿ ಅಲ್ಲೇ ಇದ್ದಳು. ಸಿಟ್ಟು ಬಂದಾಗ ನನ್ನ ಕಾನ್ವೆಂಟ್ ಇಂಗ್ಲಿಷ್ ಇನ್ನೂ ನೆಟ್ಟಗಾಗುತ್ತದೆ. "ಎಕ್ಸ್‌ಕ್ಯೂಸ್ ಮಿ. ನೀವು ನಮ್ಮ ಮನೆಯೊಳಗೆ ಹೋಗುತ್ತಿದ್ದಿರಾ?"

"ಹೌದು ಡಿಯರ್," ಅಂದಳು, ಇವತ್ತು ಮಳೆ ಬಂತಾ ಅಂತ ಕೇಳಿದವರಿಗೆ ಹೇಳುವ ಹಾಗೆ. "ನೀವು ಆ ಹೂವಿನ ಚಿತ್ರ ಬರೆಯೋ ತನಕ. ನಿಮ್ಮ ದೇವರದ್ದು ಅಲ್ಲವಾ ಅದು? ಅದರ ಮೇಲೆ ಗಂಬೂಟ್ ಇಡೋದು ಹೇಗೆ? ವಾಪಸ್ ಬಂದುಬಿಟ್ಟೆ."

ನನ್ನ ನೆಟ್ಟಗಿನ ಇಂಗ್ಲಿಷ್ ಅಲ್ಲಿಗೇ ನಿಂತಿತು. "ಆದರೆ ಯಾಕೆ ಹೋಗುತ್ತಿದ್ದಿರಿ?"

ಆಕೆ ನಾಯಿಯ ತಲೆ ಸವರಿದಳು. "ನಿಜ ಹೇಳಲಾ? ನಿಮ್ಮ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಾನು ಹುಟ್ಟಿದ್ದು ಆ ಮನೆಯಲ್ಲಿ. ನನ್ನ ತಾಯಿ ಆ ಒಲೆಯ ಮುಂದೆ ಕೂತೇ ಮುದುಕಿಯಾದಳು. ಊರಿನಿಂದ ಬಂದು ಕೊಳ್ಳೋರು ಮೊದಲು ಅದನ್ನೇ ಕೀಳೋದು. ಇದೆಯೋ, ಹೋಯಿತೋ ನೋಡೋಕೆ ಹೋಗ್ತಿದ್ದೆ. ಹೋದ ಮೇಲೆ ಸುಮ್ಮನೆ ಬರೋಕಾಗುತ್ತಾ? ಹೊಸ ಪ್ಲಾಸ್ಟರ್, ಮುಚ್ಚಿದ ಮನೆ, ಬೂಷ್ಟು ಹಿಡಿಯದೆ ಇರುತ್ತಾ? ಒಂದು ಬೆಂಕಿ ಹಾಕಿ, ಕಿಟಕಿ ಸ್ವಲ್ಪ ತೆಗೆದು ಬರ್ತಿದ್ದೆ."

"ಒಂದು ಮಾತು ಹೇಳಬಾರದಿತ್ತೇ?"

"ನೀವೂ ಕೇಳಬಹುದಿತ್ತು, ಡಿಯರ್."

ಅಂದರೆ ಇಷ್ಟು ದಿನ ನಾನು ಅವಳ ಮೇಲೆ ಕಣ್ಣಿಟ್ಟಿದ್ದೆ, ಅವಳು ನನ್ನ ಮೇಲೆ ಕಣ್ಣಿಟ್ಟಿದ್ದಳು. ನಗು ಬಂತು, ಆದರೆ ಅವಳೆದುರು ನಗಲಿಲ್ಲ. ಅಷ್ಟು ಬೇಗ ಯಾರನ್ನೂ ಒಳಗೆ ಬಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ.

"ಒಲೆ ಕೀಳೋದಿಲ್ಲ," ಅಂತಷ್ಟೇ ಹೇಳಿ ಬಂದೆ.

ಒಲೆ ಹಚ್ಚಿದೆ. ಹೊಗೆ ಕಕ್ಕಿ, ಕೆಮ್ಮಿ, ಕೊನೆಗೆ ಹತ್ತಿಕೊಂಡಿತು. ಕುರ್ಚಿಯ ಬೆನ್ನಿಗೆ ಧಾರೆ ಸೀರೆ ಹರವಿದೆ. ಇವರು ಬಾಗಿಲಲ್ಲಿ ಬಂದು ನಿಂತು, "ನಾಳೆ ಮಗಳಿಗೆ ಎಷ್ಟು ಹೊತ್ತಿಗೆ ಫೋನ್ ಮಾಡೋಣ?" ಅಂದರು.

"ಏನವಸರ? ಚಳಿಗಾಲ ಇನ್ನೂ ಮುಗಿದಿಲ್ಲವಲ್ಲ," ಅಂದೆ.

ಹಿತ್ತಿಲ ಬಾಗಿಲಿನ ರಂಗೋಲಿ ಗುಡಿಸಿ ಹಾಕಿದೆ. ಮುಂಬಾಗಿಲಿಗೆ ಹೊಸದು ಎಳೆದೆ. ಆ ರಸ್ತೆಯಲ್ಲಿ ಮುಂಬಾಗಿಲಿನಿಂದ ಯಾರೂ ಬರುವುದಿಲ್ಲ. ಅದನ್ನು ನೋಡಿದ ಇವರು ಕೀ ತೆಗೆದುಕೊಂಡು ಹೋಗಿ ಗಂಬೂಟ್ ಒಳಗೆ ಹಾಕಿದರು. ಹಿಂತಿರುಗಿ ಬರುವಾಗ ಸಿಳ್ಳೆ ಕೇಳಿಸಿತು.

ಟ್ರಂಕಿಗೆ ಮಾತ್ರ ಆ ವಾರವೇ ಇನ್ನೊಂದು ಬೀಗ ಹಾಕಿಸಿದೆ. ಅದರ ಕೀ ನಾನು ಯಾವ ಬೂಟಿನೊಳಗೂ ಇಡಲಿಲ್ಲ.