ಕಪ್ಪು ಕನ್ನಡಕಕ್ಕೊಂದು ಕಾರಣ

ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡವರನ್ನು ನೋಡಿ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಒಳ್ಳೆಯದಲ್ಲ, ಬೇಸಿಗೆಯಲ್ಲಂತೂ ಬಿಪಿಗೆ ಕೆಟ್ಟದ್ದು ಎಂದು ಹೆಂಡತಿ ಹೇಳುತ್ತಾಳೆ. ಇರಲಿ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಸಣ್ಣದೊಂದು ಸೀರೆ ಅಂಗಡಿ ಇಟ್ಟುಕೊಂಡವನಿಗೆ ದಿನವಿಡೀ ಗಿರಾಕಿಗಳ ಎದುರು ಹಲ್ಲು ಕಿಸಿಯುವುದೇ ಕೆಲಸ. ಒಂದಿಷ್ಟು ಸಿಟ್ಟಾದರೂ ನನ್ನ ಸ್ವಂತದ್ದಾಗಿ ಉಳಿಯಲಿ.

ನಮ್ಮ ಕಡೆ ಬಿಸಿಲನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ನೋಡಿ. ಹೊತ್ತು ನೆತ್ತಿಗೆ ಬರುವ ಮೊದಲೇ ನಾನು ಅಂಗಡಿಯ ಗಾಜಿಗೆ ಪರದೆ ಎಳೆಯುತ್ತೇನೆ, ಗೊಂಬೆಗೆ ಉಡಿಸಿದ ಸೀರೆಯ ಬಣ್ಣ ಹೋದೀತೆಂದು. ಎದುರುಮನೆಯಾತ ಬೈಕಿನ ಸೀಟಿಗೆ ಗೋಣಿಚೀಲ ಹಾಸುತ್ತಾನೆ. ನೀರಿನ ಗಡಿಗೆಗೆ ಒದ್ದೆ ಬಟ್ಟೆ, ಕಾರಿನ ಗಾಜಿಗೆ ಬೆಳ್ಳಿ ಹಾಳೆ, ತಲೆಗೆ ಟವೆಲ್ಲು. ಕಣ್ಣಿಗೆ? ಕಣ್ಣಿಗೆ ಅಡ್ಡ ಹಿಡಿದ ಒಂದು ಅಂಗೈ. ಕಪ್ಪು ಕನ್ನಡಕ ನಮ್ಮಲ್ಲಿ ಇಲ್ಲವೆಂದಲ್ಲ, ಇದೆ. ಅದು ಹೊತ್ತು ಮುಳುಗಿದ ಮೇಲೆ ಮದುಮಗನ ಮೆರವಣಿಗೆಗೆ ಬೇಕು. ನನ್ನದೂ ಒಂದಿತ್ತು. ಫೋಟೋ ತೆಗೆಸುವಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಅದು ನನ್ನ ಬೋಳು ನೆತ್ತಿಯ ಮೇಲೆಯೇ ಕೂತಿರುತ್ತಿತ್ತು.

ನನ್ನ ಅಕ್ಕ ಶಾಂತವ್ವ ಇರುವುದು ಮಂಗಳೂರಿನಲ್ಲಿ. ಕಡಲ ದಂಡೆಯ ಮಂಗಳೂರಲ್ಲ, ಯಲಬುರ್ಗಾ ಕಡೆಯದು. ಅಲ್ಲಿ ಅಲೆಯೆಂದರೆ ಬಿಸಿಗಾಳಿಯದು ಮಾತ್ರ. ಅವಳು ಮಾಡುವುದು ಕ್ರಾಸಿಂಗ್ ಕೆಲಸ. ಬೀಜಕ್ಕೆಂದು ಬೆಳೆದ ಬೆಂಡೆಯ ಹೊಲದಲ್ಲಿ ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಕೇಸರ ತೆಗೆಯಬೇಕು. ಮರುದಿನ ಬಿಸಿಲೇರುವ ತನಕ ಬೇರೆ ತಳಿಯ ಹೂವಿನ ಪರಾಗ ತಂದು ಅದಕ್ಕೆ ಮುಟ್ಟಿಸಬೇಕು. ಕೂದಲೆಳೆಯಷ್ಟು ಕೇಸರ ಉಳಿದರೂ ಆ ಕಾಯಿಯ ಬೀಜ ಕೆಟ್ಟಿತು. ಅವಳ ಕೆಲಸಕ್ಕೆ ಕಣ್ಣೇ ಬಂಡವಾಳ.

ಹೋದ ವರ್ಷ ಅವಳ ಬಲಗಣ್ಣಿನ ಮೂಲೆಯಿಂದ ಮಾಂಸ ಬೆಳೆಯತೊಡಗಿತು. ಕೊಪ್ಪಳದ ಡಾಕ್ಟರು ನೋಡಿ, “ಬಿಸಲು, ಧೂಳು, ಗಾಳಿ, ಎಲ್ಲಾ ಕೂಡಿ ಮಾಡ್ಯಾವ್ರಿ. ಇನ್ನೂ ಕರಿಗುಡ್ಡಿ ಮ್ಯಾಲೆ ಬಂದಿಲ್ಲ. ಬಂತಂದ್ರ ಕಣ್ಣು ಮಸುಕಾಗ್ತೈತಿ. ಬಿಸಲಾಗ ಹೋಗೂಮುಂದ ಚಸ್ಮಾ ಹಾಕ್ರಿ, ಅಗಲನ್ನ ಟೊಪಿಗಿ ಹಾಕ್ರಿ” ಎಂದರು. ಕನ್ನಡಕ ಬರೀ ಕಪ್ಪಗಿದ್ದರೆ ಸಾಲದಂತೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತದೆ. ಅದನ್ನು ತಡೆಯದ ಗಾಜು ಕಪ್ಪಗಿದ್ದಷ್ಟೂ ಕೆಟ್ಟದ್ದು; ಕತ್ತಲಾಯಿತೆಂದು ತಿಳಿದು ಪಾಪೆ ಅಗಲವಾಗಿ ತೆರೆದುಕೊಂಡು ಆ ಕಿರಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ರಸ್ತೆಬದಿಯಲ್ಲಿ ಕೊಂಡ ನನ್ನ ಕನ್ನಡಕ ನೆತ್ತಿಯ ಮೇಲಿದ್ದದ್ದೇ ಕ್ಷೇಮವಾಯಿತು ಎಂದು ಅಂದು ತಿಳಿಯಿತು. ಅಕ್ಕನಿಗೆ ಡಾಕ್ಟರು ಹೇಳಿದಂಥದ್ದನ್ನೇ ಕೊಡಿಸಿದೆ.

ಅವಳು ಅದನ್ನು ಹಾಕಿಕೊಂಡು ಹೊಲಕ್ಕೆ ಹೋದದ್ದು ಒಂದೇ ದಿನ. ಓಣಿಯ ಕಟ್ಟೆಯ ಮೇಲೆ ಕೂತವನೊಬ್ಬ, “ಏನ್ ಶಾಂತವ್ವ, ಶೂಟಿಂಗ್ ಎಲ್ಲೈತಿ?” ಎಂದನಂತೆ. ಹೊಲದಲ್ಲಿ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರಂತೆ. ಮನೆಗೆ ಬಂದರೆ, ಅಷ್ಟರಲ್ಲೇ ಸುದ್ದಿ ಕೇಳಿದ್ದ ಅತ್ತೆ, “ನಾವೇನು ಬಿಸಲಾಗ ದುಡದಿಲ್ಲೇನು? ಈ ವಯಸ್ಸಿನ್ಯಾಗ ನಿನಗ ಶೋಕಿ ಬ್ಯಾರೆ” ಎಂದಳಂತೆ. ಹಾಗೆಂದ ಅತ್ತೆಗೆ ಬಿಸಿಲಲ್ಲಿ ದುಡಿದು ದುಡಿದು ಕಣ್ಣು ಮಂಜಾಗಿ ಸೊಸೆಯ ಮುಖವೇ ಕಾಣುವುದಿಲ್ಲ. ದನಿ ಬಂದ ದಿಕ್ಕು ಹಿಡಿದು ಬೈಯುತ್ತಾಳೆ. ಕನ್ನಡಕ ಟ್ರಂಕು ಸೇರಿತು. ನೆರಳಲ್ಲಿ ಕೂತವನ ಒಂದು ನಗೆಗಾಗಿ ಬಿಸಿಲಲ್ಲಿ ದುಡಿಯುವವಳು ಕಣ್ಣು ಕಳೆದುಕೊಳ್ಳಬೇಕೇ? ಬಸ್ಸು ಹತ್ತಿ ಹೋಗಿ, ಅದೇ ಕಟ್ಟೆಯ ಮುಂದೆ ನಿಂತು ಕೂಗಾಡಿ ಬಂದೆ. ಊರು ಇನ್ನಷ್ಟು ನಕ್ಕಿತು.

ಈ ಸಲ ಯುಗಾದಿ ಕಳೆದ ಮೇಲೆ ಹೋದರೆ, ಅಕ್ಕ ಕನ್ನಡಕ ಹಾಕಿಕೊಂಡೇ ಬಾಗಿಲಿಗೆ ಬಂದಳು. ಒಳಗೆ ಬ್ರೆಡ್ಡಿನ ಪ್ಯಾಕೆಟ್ಟು, ಬಾಳೆಹಣ್ಣು, ಎಳನೀರು. ರೋಗಿಯನ್ನು ಮಾತಾಡಿಸಲು ಬಂದವರು ತರುವ ಸಾಮಾನು.

“ಏನಾತಕ್ಕಾ?”

“ಸುಮ್ಕಿರು. ಆಪರೇಷನ್ ಆಗೇತಿ ಅಂತ ಹೇಳೀನಿ” ಎಂದು ಪಿಸುಗುಟ್ಟಿದಳು. “ಹಬ್ಬಕ್ಕ ಮೊದಲ ನಿಮ್ಮ ಮನ್ಯಾಗ ಇದ್ದು ಬಂದ್ನಲ್ಲಾ, ಅವಾಗ.”

“ಎಂಥಾ ಆಪರೇಷನ್ ಅಂತ ಯಾರೂ ಕೇಳಲಿಲ್ಲೇನು?”

“ಯಾಕ ಕೇಳ್ತಾರ? ಕರಿ ಚಸ್ಮಾ ನೋಡಿ ಹೌದಂದ್ರು.”

ಆಪರೇಷನ್ನಿನ ಕಪ್ಪು ಕನ್ನಡಕಕ್ಕೆ ನಮ್ಮಲ್ಲಿ ಎಷ್ಟು ಮರ್ಯಾದೆ! ಶೂಟಿಂಗ್ ಎಲ್ಲೈತಿ ಎಂದವನೇ ಕಟ್ಟೆಯಿಂದ ಎದ್ದು, “ಸಾವಕಾಶ ಹೋಗಬೇ” ಎನ್ನುತ್ತಾನಂತೆ. ಒಲೆಯ ಮುಂದೆ ಕೂರಬೇಡ ಎಂದು ಅತ್ತೆಯ ತಾಕೀತು. ಕೆಲವು ದಿನ ಮನೆಯಲ್ಲಿ ಮಲಗಿದಂತೆ ಮಾಡಿ ಅವಳು ಹೊಲಕ್ಕೆ ಹೋದರೆ, ಬೆವರು ಒರೆಸಿಕೊಳ್ಳಲು ಕನ್ನಡಕ ತೆಗೆದದ್ದಕ್ಕೂ ಹೆಂಗಸರು ಬೈದರಂತೆ. ಇದೆಲ್ಲ ಕೇಳಿ ನಗಬೇಕಿತ್ತು. ನನಗೆ ನಗು ಬರಲಿಲ್ಲ. ಕಣ್ಣು ಕೆಟ್ಟವಳಿಗೆ ಬ್ರೆಡ್ಡು ಹಿಡಿದು ಓಡಿ ಬರುವ ಜನ, ಕಣ್ಣು ಉಳಿಸಿಕೊಳ್ಳಲು ಹೊರಟವಳ ಕನ್ನಡಕವನ್ನು ನಕ್ಕು ನಕ್ಕೇ ಟ್ರಂಕಿಗೆ ಅಟ್ಟಿದ್ದರು. ಇವರು ಕೆಟ್ಟವರಾದರೂ ಆಗಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿ ಇರುತ್ತಿತ್ತು.

“ಮಾಂಸ ಬೆಳಿಯೂದು ನಿಂತೈತಿ ಅಂದಾರ ಡಾಕ್ಟರು” ಎಂದಳು ಅಕ್ಕ.

“ಮುಂದಿನ ಬ್ಯಾಸಗಿಗೆ ಏನ್ ಹೇಳ್ತಿ?”

“ಈ ವರ್ಷ ಬಲಗಣ್ಣಿಂದು ಅಂದೀನಿ. ಮುಂದಿನ ವರ್ಷ ಎಡಗಣ್ಣಿಂದು ಅಂತೀನಿ.”

“ಅದರ ಮುಂದಿನ ವರ್ಷ?”

ಅಕ್ಕ ಒಂದು ಎಳನೀರು ಕೆತ್ತಿ ನನ್ನ ಕೈಗಿಟ್ಟಳು. “ಅಷ್ಟೊತ್ತಿಗೆ ನೋಡಿ ನೋಡಿ ಅವರಿಗೂ ರೂಢಿ ಆಗಿರ್ತೈತಿ ಬಿಡೋ. ಕುಡಿ. ಕಟ್ಟಿ ಮ್ಯಾಲೆ ಕುಂದರ್ತಾನಲ್ಲ, ಅವನೇ ತಂದು ಕೊಟ್ಟಾನ.”

ಕುಡಿದೆ. ಬಲು ಸಿಹಿಯಾಗಿತ್ತು. ಅದಕ್ಕೂ ನನಗೆ ಸಿಟ್ಟು ಬಂತು.